ಅಮಲು ಇಳಿಯಲು ಎಷ್ಟು ಹೊತ್ತು, ಡಾಕ್ಟ್ರಮ್ಮಾ?

ನನ್ನ ತಮ್ಮನ ಮೊಮ್ಮಗಳು ಈಚೆಗೆ ಸರ್ಕಾರಿ ಡಾಕ್ಟರಾಗಿ ಕೆಲಸಕ್ಕೆ ಸೇರಿದಳು. “ಅಜ್ಜೀ, ಕುಡಿದ ಡ್ರೈವರನ್ನ ಪೊಲೀಸ್ನೋರು ಕರ್ಕೊಂಡು ಬಂದ್ರೆ ನೀವೆಲ್ಲ ಏನ್ ಮಾಡ್ತಿದ್ರಿ? ಆಗ ಊದೋ ಮಿಷನ್ನೇ ಇರ್ಲಿಲ್ಲವಲ್ಲ?” ಎಂದು ಕೇಳಿದಳು.

ಮಿಷನ್ ಇತ್ತಮ್ಮ ಎಂದೆ. ನನ್ನ ಮೂಗು.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಕೋಲಾರ ಜಿಲ್ಲೆಗೆ ಬಂದಾಗ, ಒಬ್ಬ ಮನುಷ್ಯ ಗಾಡಿ ಓಡಿಸಲು ಲಾಯಕ್ಕೋ ಅಲ್ಲವೋ ಎಂಬುದನ್ನು ಸರ್ಕಾರ ತೀರ್ಮಾನಿಸುತ್ತಿದ್ದದ್ದು ಡಾಕ್ಟರ ಮೂಗಿನಿಂದ. ಆ ಮೂಗು ಬೆಳೆದದ್ದೋ ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರುಗಳು ನನಗೆ ಪಿಯಾನೋ, ಎಂಬ್ರಾಯ್ಡರಿ, ಸೂಪು ಸದ್ದಿಲ್ಲದೆ ಕುಡಿಯುವುದು, ಎಲ್ಲ ಕಲಿಸಿದ್ದರು. ಬ್ರಾಂದಿ ಎಂದರೆ ಕ್ರಿಸ್‌ಮಸ್ ಕೇಕಿನ ದ್ರಾಕ್ಷಿ ನೆನೆಸುವ ಪದಾರ್ಥ ಎಂದಷ್ಟೇ ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ ಕಳೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತವನ ಬಾಯಿಂದ ಬರುವುದು ಸಾರಾಯಿಯೋ, ಹೆಂಡವೋ, ಬ್ರಾಂದಿಯೋ ಎಂದು ಕುರ್ಚಿಯಲ್ಲಿ ಕೂತೇ ಹೇಳಬಲ್ಲವಳಾಗಿದ್ದೆ. ವಾಟ್ ಆನ್ ಅಕಾಂಪ್ಲಿಷ್‌ಮೆಂಟ್! ಕಾನ್ವೆಂಟಿನ ಮದರ್‌ಗೆ ಕಾಗದ ಬರೆಯುವಾಗ ಇದೊಂದನ್ನು ಮಾತ್ರ ಬರೆಯುತ್ತಿರಲಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ಕಡೆಗೂ ವರ್ಗವಾಗಿ ತಿರುಗಿದವಳು ನಾನು. ಯಾವ ಕಥೆ ಯಾವ ಆಸ್ಪತ್ರೆಯದು ಎಂದು ಇಲ್ಲಿ ಹೇಳುವುದಿಲ್ಲ. ಅವರೆಲ್ಲರ ಮೊಮ್ಮಕ್ಕಳು ಇದ್ದಾರೆ, ಸುಮ್ಮನೆ ಬೇಜಾರು.

ನನ್ನ ಮೊದಲ ಮೇಲಧಿಕಾರಿ ಒಳ್ಳೆಯ ಸರ್ಜನ್. ಆದರೆ ನಶ್ಯದ ಗಿರಾಕಿ. ಇಪ್ಪತ್ತು ವರ್ಷ ನಶ್ಯ ಏರಿಸಿದ ಮೂಗಿಗೆ ಫಿನಾಯಿಲ್ಲೂ ಒಂದೇ, ಮಲ್ಲಿಗೆಯೂ ಒಂದೇ. ಆದ್ದರಿಂದ ಕುಡುಕರ ಕೇಸುಗಳೆಲ್ಲ ಲೇಡಿ ಡಾಕ್ಟರ ಪಾಲಿಗೆ ಬಂದವು. ಪರೀಕ್ಷೆಯ ಕ್ರಮವನ್ನು ಅವರೇ ಹೇಳಿಕೊಟ್ಟರು. ಬಾಯಿ ವಾಸನೆ ನೋಡಬೇಕು. ಕಣ್ಣು ಕೆಂಪೇ ನೋಡಬೇಕು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ನಡೆಸಬೇಕು. ಇದು ನನಗೆ ಸಲೀಸಾಗಿ ಅರ್ಥವಾಯಿತು. ಕಾನ್ವೆಂಟಿನಲ್ಲಿ ನಡಿಗೆ, ನಿಲುವು ಕಲಿಸುವ ಡಿಪೋರ್ಟ್‌ಮೆಂಟ್ ಕ್ಲಾಸಿನಲ್ಲಿ ತಲೆಯ ಮೇಲೆ ಪುಸ್ತಕ ಇಟ್ಟು ಹೀಗೇ ನಡೆಸುತ್ತಿದ್ದರು. ಕೊನೆಗೆ ನಾಲಿಗೆಯ ಪರೀಕ್ಷೆ. ಅವರು ಓದಿದ ಹಳೆಯ ಇಂಗ್ಲಿಷ್ ಪಠ್ಯದಲ್ಲಿ ಇದ್ದಂತೆ, ಆಸಾಮಿ “ಬ್ರಿಟಿಷ್ ಕಾನ್‌ಸ್ಟಿಟ್ಯೂಷನ್” ಎಂದು ತಡವರಿಸದೆ ಹೇಳಬೇಕು.

ಟೇಕಲ್ ಕಡೆಯ ಒಬ್ಬ ಹೆಂಚಿನ ಲಾರಿ ಡ್ರೈವರನ್ನು ಕರೆತಂದರು. ಅವನ ಬಾಯಲ್ಲಿ ಈರುಳ್ಳಿ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

“ಹೇಳಪ್ಪ, ಬ್ರಿಟಿಷ್ ಕಾನ್‌ಸ್ಟಿಟ್ಯೂಷನ್.”

ಅವನು ನನ್ನನ್ನೇ ದಿಟ್ಟಿಸಿದ. “ಬ್ರಿಟಿಷ್ನೋರು ಹೋಗಿ ಎಷ್ಟೋ ವರ್ಷ ಆಯ್ತಲ್ಲಮ್ಮಾ! ನಿಮ್ಗೆ ಯಾರೂ ಹೇಳ್ಲಿಲ್ವಾ?”

ಒಳಗಿನಿಂದ ಸಾಹೇಬರು ಕೂಗಿದರು: “ನೋಡಮ್ಮ, ಇರ್ರೆಲೆವೆಂಟ್ ಟಾಕ್! ಬರಿ, ಡ್ರಂಕ್ ಅಂತ.” ಇಡೀ ತಾಲ್ಲೂಕಿನಲ್ಲಿ ಆ ಎರಡು ಪದ ಹೇಳಬಲ್ಲವರು ಸಾಹೇಬರು, ನಾನು, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಮಾತ್ರ. ಆ ಲೆಕ್ಕದಲ್ಲಿ ಮಿಕ್ಕ ತಾಲ್ಲೂಕೆಲ್ಲ ಹಗಲೂರಾತ್ರಿ ಕುಡಿದೇ ಇತ್ತು. ನಾನು ಬರೆಯಲಿಲ್ಲ. ಸಾಹೇಬರು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ತಮಗೆ ನೆಗಡಿ ಬಂದಾಗ ಅವರೇ ಕರೆದು ಮಾತಾಡಿಸಿದರು.

ಇನ್ನೊಂದು ಊರಿನಲ್ಲಿ ಇನ್ನೊಂದು ಸೋಜಿಗ. ಮಾವಿನ ಕಾಲ. ಗೌನಿಪಲ್ಲಿ ದಾರಿಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಕುಡಿದ ಡ್ರೈವರೊಬ್ಬನನ್ನು ಹಿಡಿದ. ಆಸ್ಪತ್ರೆಗೆ ತರಬೇಕು. ಬಸ್ಸಿಲ್ಲ. ಕಾನ್‌ಸ್ಟೇಬಲ್ಲಿಗೆ ಲಾರಿ ಓಡಿಸಲು ಬಾರದು. ಮಾವಿನಹಣ್ಣಿನ ಲಾರಿಯನ್ನು ರಸ್ತೆಯಲ್ಲೇ ಬಿಟ್ಟರೆ ಗಂಟೆಯೊಳಗೆ ಗೊರಟೆಯೂ ಉಳಿಯದು. ಆದ್ದರಿಂದ, ಗಾಡಿ ಓಡಿಸಲು ಲಾಯಕ್ಕಿಲ್ಲ ಎಂದು ನನ್ನಿಂದ ಬರೆಸಿಕೊಳ್ಳುವ ಸಲುವಾಗಿ, ಅವನ ಕೈಲೇ ಲಾರಿ ಓಡಿಸಿಕೊಂಡು, ಪಕ್ಕದಲ್ಲಿ ಕೂತು ಬಂದಿದ್ದ! ದಾರಿಯುದ್ದಕ್ಕೂ ಇಬ್ಬರೂ ರಸಪುರಿ ತಿಂದಿದ್ದರು. ನಾನು ಹೌಹಾರಿ ಬೈದರೆ ಕಾನ್‌ಸ್ಟೇಬಲ್ಲಿಗೆ ನೋವಾಯಿತು.

“ನಿಧಾನಕ್ಕೆ ಓಡಿಸು ಅಂತ ಹೇಳಿದ್ದೆ ಮೇಡಂ,” ಎಂದ.

ಆ ಲಾರಿಯ ಮಾಲೀಕರು ಹಿಂದೆಯೇ ಬಂದರು. ಅವರ ಪ್ರಶ್ನೆ ಒಂದೇ. ಈ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ: “ಇಳಿಯೋಕೆ ಎಷ್ಟು ಹೊತ್ತು ಬೇಕು, ಡಾಕ್ಟ್ರಮ್ಮಾ? ಬೇಗ ಇಳಿಸೋಕೆ ಏನಾದ್ರೂ ಕೊಡಿ, ಹಣ್ಣು ಮೆತ್ತಗಾಗ್ತವೆ.” ನಾನು ಕೊಡದಿದ್ದರೆ ಅವರೇ ಕೊಡುತ್ತಿದ್ದರು. ಹುಳಿಮಜ್ಜಿಗೆ, ನಿಂಬೆಹಣ್ಣು, ಹುಣಸೆ ನೀರು, ಹಾಲಿಲ್ಲದ ಕಾಫಿ, ತಲೆಯ ಮೇಲೆ ಬಾವಿಯ ನೀರು. ಒಬ್ಬ ಅಜ್ಜ ಕುಡಿದವನ ಕಿವಿಗೆ ಬಾಯಿಟ್ಟು ಅವನ ಮಾವನ ಹೆಸರನ್ನು ಕೂಗಿದ್ದೂ ಉಂಟು.

ಆಗ ನಾನು ಅವರಿಗೆ ಹೇಳುತ್ತಿದ್ದುದನ್ನೇ ನಿಮಗೂ ಹೇಳುತ್ತೇನೆ. ಲಿವರು ಎನ್ನುವುದು ತಾಲ್ಲೂಕು ಕಚೇರಿಯ ಗುಮಾಸ್ತ ಇದ್ದಂತೆ. ಅವನ ಮೇಜಿನ ಮೇಲೆ ಎಷ್ಟೇ ಫೈಲು ರಾಶಿ ಬಿದ್ದಿರಲಿ, ಅವನು ನೋಡುವುದು ಒಂದೇ ವೇಗದಲ್ಲಿ. ಒಂದು ಸಣ್ಣ ಪೆಗ್ಗಿಗೆ ಹೆಚ್ಚುಕಡಿಮೆ ಒಂದು ಗಂಟೆ, ಕೆಲವರಲ್ಲಿ ಅದಕ್ಕಿಂತಲೂ ನಿಧಾನ. ಕಾಫಿ ಕೊಟ್ಟರೆ ಕಾಫಿ ಕುಡಿಯುತ್ತಾನೆ, ಫೈಲು ಮುಂದೆ ಹೋಗುವುದಿಲ್ಲ. ತಣ್ಣೀರು ಸುರಿದರೆ ಒದ್ದೆಯಾಗುತ್ತಾನೆ, ಅಷ್ಟೆ. ಹೆಚ್ಚು ಕುಡಿದವನು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹಲ್ಲುಜ್ಜಿ ದೇವರಿಗೆ ಕೈಮುಗಿದು ಸ್ಟೀರಿಂಗ್ ಹಿಡಿದರೂ ಗುಮಾಸ್ತನ ಮೇಜಿನ ಮೇಲೆ ಇನ್ನೂ ಫೈಲು ಇರುತ್ತವೆ.

ಇದನ್ನು ಓದಿ ತಿಳಿಯುವುದು ಬೇರೆ. ಒಂದು ಜೀವವನ್ನು ಇದರ ಮೇಲೆ ಪಣಕ್ಕೊಡ್ಡಿ ತಿಳಿಯುವುದು ಬೇರೆ. ಅದನ್ನು ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಹಾಲಯ ಅಮಾವಾಸ್ಯೆಯ ದಿನ ಸಂಜೆಗೆ ಮುಂಚೆ ಹೆಡ್ ಕಾನ್‌ಸ್ಟೇಬಲ್ ಮುನಿಶಾಮಿ ಒಬ್ಬ ಲಾರಿ ಡ್ರೈವರನ್ನು ಕರೆತಂದರು. ಚೆಂಗಲ್ರಾಯ ಎಂದು ಹೆಸರು, ಚಿತ್ತೂರು ಕಡೆಯವನು, ಕನ್ನಡಕ್ಕಿಂತ ತೆಲುಗೇ ಜಾಸ್ತಿ. ಮಧ್ಯಾಹ್ನ ಊಟದ ಜೊತೆ ಒಂದು ಕ್ವಾರ್ಟರ್ ಬ್ರಾಂದಿ ಕುಡಿದು ಲಾರಿಯನ್ನು ಮೋರಿಯ ಕಟ್ಟೆಗೆ ಗುದ್ದಿದ್ದ. ಲಾರಿಯ ರೇಡಿಯೇಟರ್ ಒಡೆದಿತ್ತು, ಇವನ ಎಡಗಾಲಿನ ಕಿರುಬೆರಳ ಉಗುರು ಕಿತ್ತುಬಂದಿತ್ತು. ಪರೀಕ್ಷೆ ಮಾಡಿ, ಗಾಡಿ ಓಡಿಸಲು ಲಾಯಕ್ಕಿಲ್ಲ ಎಂದು ಬರೆದು, ಬೆರಳಿಗೆ ಕಟ್ಟು ಹಾಕಿದೆ.

“ಡಾಕ್ಟ್ರಮ್ಮೋರೇ, ಇವತ್ತೊಂದಿನ ಇವನನ್ನ ಇಲ್ಲೇ ಮಡಿಕ್ಕೊಳ್ಳಿ,” ಎಂದರು ಮುನಿಶಾಮಿ.

“ಯಾಕೆ? ಲಾಕಪ್ ಇಲ್ಲವೆ?”

“ಅದ್ರಲ್ಲಿ ಪಂದ್ಯದ ಕೋಳಿ ಅವೆ. ಬಾರ್ಡರ್ ತಾವ ಹಿಡಿದು ತಂದಿದ್ದು, ಕೋರ್ಟಿಗೆ ತೋರಿಸ್ಬೇಕು. ಇವನನ್ನ ಕೂಡಿದ್ರೆ ನಾಳೆ ಲೆಕ್ಕಕ್ಕೆ ಕೋಳಿ ಕಮ್ಮಿ ಬಂದ್ರೆ ನನ್ ಬುಡಕ್ಕೆ ಬರ್ತದೆ.”

ಹಾಗೆ ಚೆಂಗಲ್ರಾಯ ಕೋಳ ಹಾಕಿಸಿಕೊಂಡು ನಮ್ಮ ವರಾಂಡದಲ್ಲಿ ಮಲಗಿ ಬೆಳಗಿನ ತನಕ ಗೊರಕೆ ಹೊಡೆದ. ಮುನಿಶಾಮಿ ಪಕ್ಕದಲ್ಲೇ ಕಾವಲಿದ್ದರು.

ಬೆಳಿಗ್ಗೆ ಎಂಟರ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ರತ್ನಮ್ಮ ಎಂಬ ಹುಡುಗಿಯನ್ನು ತಂದರು. ಚೊಚ್ಚಲ ಹೆರಿಗೆ. ಜೊತೆಗೆ ಅತ್ತೆ, ಗಂಡ, ಮಾವ. ಹೊಟ್ಟೆ ಮುಟ್ಟಿ ನೋಡಿದೆ. ಮಗು ಅಡ್ಡ ತಿರುಗಿತ್ತು. ಸಿಸೇರಿಯನ್ ಆಗಲೇಬೇಕು, ಅದು ಕೋಲಾರದಲ್ಲೇ ಆಗಬೇಕು. ನಮ್ಮಲ್ಲಿ ಅರಿವಳಿಕೆ ಕೊಡುವವರಿರಲಿಲ್ಲ. ತಡವಾದರೆ ಗರ್ಭಕೋಶ ಹರಿದು ಇಬ್ಬರೂ ಹೋಗುತ್ತಾರೆ. ಆಸ್ಪತ್ರೆಯ ವ್ಯಾನು ಸಿದ್ಧವಾಗಿ ನಿಂತಿತ್ತು. ಡ್ರೈವರ್ ನಂಜುಂಡಪ್ಪನೂ ಬಂದ. ಇಸ್ತ್ರಿ ಮಾಡಿದ ಖಾಕಿ, ಹಣೆಯ ತುಂಬ ವಿಭೂತಿ, ಬಾಯಲ್ಲಿ ಲವಂಗ. ಆ ಲವಂಗದ ಹಿಂದಿನಿಂದ, ಓ ಮೈ ಗಾಡ್, ಬ್ರಾಂದಿ.

“ನಂಜುಂಡಪ್ಪ, ಕುಡಿದಿದ್ದೀಯ?”

“ಶಿವ ಶಿವಾ! ನಾನಾ? ನಿನ್ನೆ ನಮ್ಮಪ್ಪಂಗೆ ಎಡೆ ಇಟ್ಟಿದ್ವಿ ಮೇಡಂ. ಅವ್ರಿಗೆ ಬ್ರಾಂದಿ ಅಂದ್ರೆ ಪ್ರಾಣ, ಒಂದು ಬಾಟ್ಲಿ ಇಟ್ವಿ. ಹಿರಿಯರಿಗೆ ಇಟ್ಟದ್ದನ್ನ ಚೆಲ್ಲೋ ಹಾಗಿಲ್ಲ. ಅಣ್ಣತಮ್ಮಂದ್ರು ಮೂರು ಜನ ಹಂಚ್ಕೊಂಡ್ವಿ. ಅದು ಕುಡಿದದ್ದಲ್ಲ, ಪ್ರಸಾದ.”

“ಪ್ರಸಾದ ಯಾವಾಗ ಮುಗೀತು?”

“ಕೋಳಿ ಕೂಗ್ದಾಗ.”

ಊರಿನಲ್ಲಿದ್ದ ಒಂದೇ ಟ್ಯಾಕ್ಸಿಗೆ ಆಳು ಕಳಿಸಿದೆ. ಅದರ ಡ್ರೈವರೂ ಹಿರಿಯರಿಗೆ ಎಡೆ ಇಟ್ಟವನೇ, ಇನ್ನೂ ಎದ್ದಿಲ್ಲ ಎಂದು ಅವನ ಹೆಂಡತಿ ಹೇಳಿ ಕಳಿಸಿದಳು. ಕೋಲಾರಕ್ಕೆ ಫೋನು ಸಿಗಲಿಲ್ಲ. ನನಗೆ ಪಿಯಾನೋ ಬರುತ್ತಿತ್ತು, ಕ್ಲಚ್ಚು ಬರುತ್ತಿರಲಿಲ್ಲ. ಒಳಗೆ ರತ್ನಮ್ಮ ನರಳುವುದು ಕೇಳುತ್ತಿತ್ತು. ಆಗ ವರಾಂಡದ ಮೂಲೆಯಿಂದ ಒಂದು ಆಕಳಿಕೆ.

“ಅಮ್ಮಾ, ನೇನು ತೋಲ್ತಾನು. ನಾನು ಓಡಿಸ್ತೀನಿ. ನಂದು ಹೆವಿ ಲೈಸೆನ್ಸು.”

ಚೆಂಗಲ್ರಾಯ. ಕೈಯಲ್ಲಿ ಕೋಳ.

ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಪರೀಕ್ಷೆಯೇ ಆಗಲಿ ಎಂದು ನಂಜುಂಡಪ್ಪ ತಾನಾಗಿ ನಡೆದು ತೋರಿಸಿದ. ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ, ಕೊನೆಯಲ್ಲಿ ಪರೇಡಿನವರಂತೆ ತಿರುಗಿ, ಒಂಟಿ ಕಾಲಲ್ಲಿ ನಿಂತು, ಕೋಲಾರದವರೆಗಿನ ಊರುಗಳ ಹೆಸರನ್ನೆಲ್ಲ ಸ್ಪಷ್ಟವಾಗಿ ಒಪ್ಪಿಸಿದ. ನಮ್ಮ ಡಿಪೋರ್ಟ್‌ಮೆಂಟ್ ಮಿಸ್ ನೋಡಿದ್ದರೆ ಮೆಡಲು ಕೊಡುತ್ತಿದ್ದರು. ವರ್ಷಗಟ್ಟಲೆ ಕುಡಿದು ಪಳಗಿದ ಮೈ ಅದು. ಚೆಂಗಲ್ರಾಯನನ್ನು ನಡೆಸಿದರೆ ಬೆರಳು ನೋವಿಗೆ ಕುಂಟುತ್ತ ಗೆರೆಯಿಂದ ಒಂದು ಮಾರು ಆಚೆ ಹೋದ. ಧೂಳಿನಲ್ಲಿ ಬೆಂದ ಕಣ್ಣು ಕೆಂಡದಂತಿತ್ತು. ಅರ್ಧ ತೆಲುಗಿನ ಮಾತು ಒಂದೂ ನೆಟ್ಟಗೆ ಅರ್ಥವಾಗಲಿಲ್ಲ. ಅಂಗಿಯ ಗುಂಡಿ ಬೇರೆ ಕಿತ್ತುಹೋಗಿತ್ತು. ನಾನು ಕಲಿತ ಕ್ರಮದ ಪ್ರಕಾರ ಒಬ್ಬ ಫಸ್ಟ್ ಕ್ಲಾಸ್, ಒಬ್ಬ ಫೇಲು.

“ಖಾಕಿ ಹಾಕಿರೋರೇ ವಾಸಿ ಕಣಮ್ಮಾ,” ಎಂದಳು ರತ್ನಮ್ಮನ ಅತ್ತೆ, ನನ್ನ ಕೈ ಹಿಡಿದು. “ಆ ಕೋಳದೋನ ಕೈಗೆ ನನ್ ಸೊಸೇನ ಕೊಡಬ್ಯಾಡಿ. ನಿಮ್ ಕಾಲಿಗೆ ಬೀಳ್ತೀನಿ.”

ಮುನಿಶಾಮಿಯದು ಇನ್ನೊಂದು ಗೋಳು. “ನಿನ್ನೆ ನೀವೇ ಬರ್ಕೊಟ್ಟಿದ್ದೀರ, ಇವನು ಗಾಡಿ ಮುಟ್ಟಬಾರ್ದು ಅಂತ. ಇವತ್ತು ನೀವೇ ಸ್ಟೀರಿಂಗ್ ಕೊಡ್ತೀರ. ನಮ್ ಸಾಹೇಬ್ರು ಕೇಳಿದ್ರೆ ಏನಂತ ಬೊಗಳ್ಲಿ?”

ಕಣ್ಣು ಹೇಳಿದ್ದು ಒಂದು, ಲೆಕ್ಕ ಹೇಳಿದ್ದು ಇನ್ನೊಂದು. ಚೆಂಗಲ್ರಾಯ ಕುಡಿದದ್ದು ನಿನ್ನೆ ಮಧ್ಯಾಹ್ನ, ಒಂದು ಕ್ವಾರ್ಟರು, ಅಂದರೆ ಆರು ಸಣ್ಣ ಪೆಗ್ಗು. ಗುಮಾಸ್ತ ಎಷ್ಟೇ ಸೋಮಾರಿಯಾದರೂ ರಾತ್ರಿಯೊಳಗೆ ಮೇಜು ಖಾಲಿಯಾಗಿರಬೇಕು. ನಂಜುಂಡಪ್ಪನದ್ದು ಕೋಳಿ ಕೂಗಿದಾಗ ಮುಗಿದದ್ದು. ಫೈಲಿನ ರಾಶಿ ಈಗಷ್ಟೇ ಬಿಚ್ಚುತ್ತಿದೆ. ಚೆಂಗಲ್ರಾಯನ ಹತ್ತಿರ ಹೋಗಿ ಅವನ ಬಾಯಿ ಮೂಸಿದೆ. ಬರೀ ಹಸಿವಿನ ವಾಸನೆ.

“ಕೋಳ ತೆಗೀರಿ,” ಎಂದೆ.

“ಓಡೋದ್ರೆ?”

“ಕುಂಟನ ಹಿಂದೆ ಓಡಲು ನಿಮಗೆ ಆಗುವುದಿಲ್ಲವೆ? ಅವನಿಗೆ ಎರಡು ಕೈಯೂ ಬೇಕು.”

ಕೊನೆಗೆ ರಾಜಿಯಾಯಿತು. ರತ್ನಮ್ಮನ ಮಾವ ಎತ್ತಿನ ಗಾಡಿಯಿಂದ ಹಗ್ಗ ಬಿಚ್ಚಿಕೊಟ್ಟ. ಮುನಿಶಾಮಿ ಅದನ್ನು ಚೆಂಗಲ್ರಾಯನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ರತ್ನಮ್ಮ, ಅತ್ತೆ, ನಾನು. ತನ್ನ ವ್ಯಾನನ್ನು ಪರರ ಕೈಗೆ ಒಪ್ಪಿಸಿ ಮನೆಗೆ ಹೋಗಲಾರೆ ಎಂದು ನಂಜುಂಡಪ್ಪನೂ ಹತ್ತಿದ. ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದು ಕೂರು ಎಂದೆ. ಗಂಡ, ಮಾವ ಬಸ್ಸಿನಲ್ಲಿ ಬರುವುದೆಂದಾಯಿತು.

ಹೊರಟ ಕ್ಷಣದಿಂದ ನಂಜುಂಡಪ್ಪನ ಕಾಮೆಂಟರಿ. “ಸೆಕೆಂಡ್ ಗೇರಲ್ಲಿ ಅಳ್ತದೆ ಕಣಯ್ಯಾ ಅದು, ಮೆತ್ತಗೆ! ನನ್ ವ್ಯಾನು ಯಾವತ್ತೂ ಹಿಂಗೆ ಕೆಮ್ಮಿಲ್ಲ ಮೇಡಂ, ಯಾರೋ ಬೇರೇರು ಮುಟ್ಟಿದ್ದು ಅದ್ಕೆ ಗೊತ್ತಾಗ್ತದೆ.” ಮುಂದೆ ಪ್ರತಿ ಗುಂಡಿಗೂ ಹಗ್ಗ ಬಿಗಿಯುತ್ತಿತ್ತು. “ಓಯ್ ಸಾರೂ, ನಾನೇನು ಮೇಕೆನಾ? ಸ್ವಲ್ಪ ಸಡಿಲ ಬಿಡಯ್ಯಾ ಸಾಮೀ!” ಎಂದು ಚೆಂಗಲ್ರಾಯ. ರತ್ನಮ್ಮನ ನಾಡಿ ನನ್ನ ಬೆರಳ ಕೆಳಗೆ ಓಡುತ್ತಿತ್ತು. ಅತ್ತೆ ದಾರಿಯಲ್ಲಿ ಕಂಡ ಪ್ರತಿ ಗುಡಿಗೂ ಒಂದೊಂದು ಹರಕೆ ಹೊರುತ್ತಿದ್ದಳು. ಪ್ರತಿ ಹರಕೆಯಲ್ಲೂ ನನ್ನನ್ನು ಶಪಿಸುತ್ತಿದ್ದಳೆಂದು ನನ್ನ ಊಹೆ.

ಕೆರೆ ಏರಿಯ ಮೇಲೆ ಅದು ನಡೆಯಿತು. ಎದುರಿಗೆ ಹುಲ್ಲಿನ ಗಾಡಿ, ಅದರ ಹಿಂದಿನಿಂದ ಸರಕ್ಕನೆ ಒಂದು ಎಮ್ಮೆ ಅಡ್ಡ ಬಂತು. ಒಂದು ಕಡೆ ನೀರು, ಒಂದು ಕಡೆ ಆಳದ ಗದ್ದೆ. ನಾನು ರತ್ನಮ್ಮನ ಮೇಲೆ ಕೈ ಅಡ್ಡ ಹಾಕಿ ಕಣ್ಣು ಮುಚ್ಚಿದೆ. ವ್ಯಾನು ಮುಗ್ಗರಿಸಲಿಲ್ಲ, ವಾಲಲಿಲ್ಲ. ಮಲಗಿದವಳು ಉರುಳದಂತೆ ತಡೆದು ತಡೆದು ನಿಂತಿತು. ಕಣ್ಣು ಬಿಟ್ಟರೆ ಎಮ್ಮೆ ಗಾಜಿನ ಮುಂದೆ ನಿಂತು ಮುನಿಶಾಮಿಯನ್ನು ನೋಡುತ್ತಿತ್ತು.

ಅದೇ ಕುಲುಕಿಗೆ ನಂಜುಂಡಪ್ಪನ ಕೈಯಿಂದ ಗ್ಲೂಕೋಸ್ ಬಾಟಲಿ ಜಾರಿತು. ನಾನು ನೋಡುತ್ತಲೇ ಇದ್ದೆ. ಬಾಟಲಿ ಅವನ ಮಡಿಲಿಗೆ ಬಂದು ಬಿತ್ತು. ಬಿದ್ದಾದ ಮೇಲೆ ಅವನ ಎರಡೂ ಕೈ ಬಹಳ ಗಂಭೀರವಾಗಿ ಮೇಲೆದ್ದು, ಬಾಟಲಿ ಇದ್ದ ಜಾಗದ ಗಾಳಿಯನ್ನು ಹಿಡಿದುಕೊಂಡವು.

“ಹಿಡ್ಕೊಂಡೆ ಮೇಡಂ,” ಎಂದ.

ಮಕ್ಕಳೇ, ನಾನು ಓದಿದ ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ. ಗೆರೆಯ ಮೇಲೆ ನಡೆಯುವುದನ್ನು ಮೈ ಅಭ್ಯಾಸ ಮಾಡಿಕೊಳ್ಳುತ್ತದೆ. ಎಮ್ಮೆ ಅಡ್ಡ ಬರುವುದನ್ನು ಯಾರೂ ಅಭ್ಯಾಸ ಮಾಡಿಕೊಂಡಿರುವುದಿಲ್ಲ. ಅತ್ತೆಯೂ ಅದನ್ನು ನೋಡಿದಳು. ಆಮೇಲೆ ಗುಡಿಗಳಿಗೆ ಮಾತ್ರ ಕೈ ಮುಗಿದಳು, ನನಗೆ ಶಾಪ ಹಾಕಲು ತುಟಿ ಅಲುಗಿಸಲಿಲ್ಲ.

ಕೋಲಾರ ತಲುಪಿದ ಕೂಡಲೇ ರತ್ನಮ್ಮನನ್ನು ಥಿಯೇಟರಿಗೆ ತೆಗೆದುಕೊಂಡರು. ಒಂದು ಬೆಂಚಿನ ಮೇಲೆ ನಾನು, ಅತ್ತೆ, ನಂಜುಂಡಪ್ಪ, ಮುನಿಶಾಮಿ, ಹಗ್ಗ, ಚೆಂಗಲ್ರಾಯ. ನರ್ಸು ಹೊರಗೆ ಬಂದು, “ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ” ಎಂದಾಗ ಎಲ್ಲರಿಗಿಂತ ಮೊದಲು ಅತ್ತದ್ದು ಹೆಡ್ ಕಾನ್‌ಸ್ಟೇಬಲ್ ಮುನಿಶಾಮಿ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದರೆ ಹಗ್ಗದ ಜೊತೆ ಚೆಂಗಲ್ರಾಯನೂ ಎದ್ದು ನಿಂತ.

ನಂಜುಂಡಪ್ಪ ವ್ಯಾನಿನ ಕೀಗೆ ಕೈಯೊಡ್ಡಿದ. “ಹೊರಡೋಣವಾ ಮೇಡಂ? ಈಗ ಇಳಿದದೆ.”

“ಇಲ್ಲ. ಸಂಜೆ ತನಕ ಕೂರು.”

ಅವನು ಎರಡು ಲೋಟ ಮಜ್ಜಿಗೆ ಕುಡಿದು ಬಂದ. ಇಲ್ಲ ಎಂದೆ. ನಲ್ಲಿಗೆ ತಲೆ ಒಡ್ಡಿ ನೀರು ತೊಟ್ಟಿಕ್ಕಿಸುತ್ತ ಬಂದ. ಇಲ್ಲ ಎಂದೆ. “ನಮ್ಮಪ್ಪನ ಆಣೆ” ಎಂದ. ನಿಮ್ಮಪ್ಪನೇ ಇದಕ್ಕೆಲ್ಲ ಕಾರಣ ಎಂದೆ. ಮರದ ಕೆಳಗೆ ಮುಖ ಊದಿಸಿಕೊಂಡು ಮಲಗಿ ನಿದ್ದೆ ಹೋದ. ಹೊತ್ತು ಇಳಿದ ಮೇಲೆ ಎದ್ದ. ನಾನು ಮಾತಾಡಿಸುತ್ತ ಮಾತಾಡಿಸುತ್ತ, ಹೇಳದೆ ಕೇಳದೆ ಪೆನ್ನನ್ನು ಕೈಬಿಟ್ಟೆ. ನೆಲ ಮುಟ್ಟುವ ಮೊದಲೇ ಹಿಡಿದ. ಬಾಯಿ ಮೂಸಿದೆ, ಗಂಟೆಗಳನ್ನು ಇನ್ನೊಮ್ಮೆ ಎಣಿಸಿದೆ, ಕೀ ಕೊಟ್ಟೆ.

ಇನ್ನು ಕೈದಿ ಬರಬೇಕಿತ್ತು. ಮಧ್ಯಾಹ್ನ ಬಸ್ಸಿನಲ್ಲಿ ಬಂದಿಳಿದ ರತ್ನಮ್ಮನ ಗಂಡ, ಮಾವ ಚೆಂಗಲ್ರಾಯನಿಗೆ ಊಟ ಹಾಕಿಸುತ್ತೇವೆಂದು ಕರೆದುಕೊಂಡು ಹೋಗಿದ್ದರು. ಮುನಿಶಾಮಿಯೂ ಜೊತೆಗಿದ್ದರು. ಗೇಟಿನಿಂದ ಚೆಂಗಲ್ರಾಯ ನಡೆದು ಬಂದ. ಅವನು ಕುಂಟುತ್ತಿರಲಿಲ್ಲ. ಬಾಣದಂತೆ ನೆಟ್ಟಗೆ, ಎದೆಯುಬ್ಬಿಸಿ, ಹಿಮ್ಮಡಿಗೆ ಬೆರಳು ತಾಗಿಸಿ ಬರುತ್ತಿದ್ದ. ಬೆರಳ ನೋವೆಲ್ಲ ಮಾಯ. ಹತ್ತು ಅಡಿ ದೂರದಿಂದಲೇ ನನ್ನ ಮೂಗಿಗೆ ಗೊತ್ತಾಯಿತು.

“ಮುನಿಶಾಮಿಯವರೇ!”

“ನಾನು ಹಗ್ಗ ಬಿಡ್ಲಿಲ್ಲ ಡಾಕ್ಟ್ರಮ್ಮೋರೇ, ದೇವರಾಣೆ! ಮೊಮ್ಮಗಳು ಹುಟ್ಟಿದ ಖುಷಿಗೆ ಆ ಯಜಮಾನ್ರು ಕೊಡಿಸಿಬಿಟ್ರು. ಬ್ಯಾಡ ಅಂದ್ರೆ ಮಗೂಗೆ ಒಳ್ಳೇದಾಗಲ್ಲ ಅಂದ್ರು. ನಾನೇನ್ ಮಾಡ್ಲಿ?” ಮುನಿಶಾಮಿ ತಲೆ ಕೆರೆದುಕೊಂಡರು. “ಇನ್ನೊಂದು ಸರ್ಟಿಫಿಕೇಟು ಬೇಕಾಗ್ತದಾ?”

ಚೆಂಗಲ್ರಾಯ ಅಭ್ಯಾಸಬಲದಿಂದ ವ್ಯಾನಿನ ಮುಂದಿನ ಬಾಗಿಲಿಗೇ ಕೈ ಹಾಕಿದ. ಒಳಗೆ ಸ್ಟೀರಿಂಗ್ ಹಿಡಿದು ಕೂತ ನಂಜುಂಡಪ್ಪ ಅವನನ್ನು ಮೇಲಿಂದ ಕೆಳಕ್ಕೆ ನೋಡಿ, ಥೂ, ಬೆಳಿಗ್ಗೆ ಇಂಥವನ ಕೈಗೆ ನನ್ನ ವ್ಯಾನು ಕೊಟ್ಟಿದ್ದೆನಲ್ಲಾ ಎಂಬಂತೆ ಮುಖ ತಿರುಗಿಸಿದ. ಚೆಂಗಲ್ರಾಯ ಒಂದು ಗಳಿಗೆ ಯೋಚಿಸಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಹೊಡೆದ.

“ಸರೇ ಅನ್ನಾ. ಈಗ ನಿಮ್ ಡ್ಯೂಟಿ.”

ತಾನೇ ಹಿಂದಕ್ಕೆ ಹೋಗಿ, ರತ್ನಮ್ಮ ಮಲಗಿ ಬಂದ ಜಾಗದಲ್ಲಿ ಕೂತ.

“ಸರ್ಟಿಫಿಕೇಟ್ ಬೇಡ ಮುನಿಶಾಮಿಯವರೇ, ಹತ್ತಿ,” ಎಂದೆ. “ಹಿಂದೆ ಕೂತು ಹೋಗುವವನಿಗೆ ನಾನು ಯಾಕೆ ಸರ್ಟಿಫಿಕೇಟ್ ಬರೆಯಲಿ?”